ಉಲ್ಟಾ ಮೋಟರ್, ಕದ್ದ ಡ್ರೈವ್

"ಆ ಹ್ಯಾಂಡಲ್ ಎತ್ತಬೇಡ! ದುರುಗಮ್ಮನ ಡ್ರೈವ್ ಸುಟ್ಟೋಗ್ತೈತೆ!"

ಕೂಗಿದ್ದು ನಾನೇ. ಕೂಗಬಾರದಿತ್ತು...

ಚನ್ನಗಿರಿ ಪಕ್ಕದ ಹಳ್ಳಿಯ ಅಡಿಕೆ ಸುಲಿಯುವ ಶೆಡ್. ಮೇನ್ ಸ್ವಿಚ್ ಮೇಲೆ ಪಂಪ್‌ಸೆಟ್ ಮೆಕ್ಯಾನಿಕ್ ಗುರುಸ್ವಾಮಿಯ ಕೈ. ಪಕ್ಕದ ಗೋಡೆಗೆ ನೇತುಬಿದ್ದ ಬಿಸ್ಕೆಟ್ ಡಬ್ಬಿಯಷ್ಟು ಪೆಟ್ಟಿಗೆ. ಹೊನ್ನಾಳಿ ದುರುಗಮ್ಮನ ಮೂವತ್ತು ಕಿಲೋ ವಾಷಿಂಗ್ ಮಷೀನಿನ ಡ್ರೈವ್ ಅದು. ಮೋಟರಿಗೆ ಕರೆಂಟ್ ಹದಮಾಡಿ ಕೊಡುವುದೇ ಅದು; ಅದಿಲ್ಲದೆ ಮಷೀನಿನ ಮೋಟರ್ ಅಲುಗುವುದಿಲ್ಲ.

ಬೆಳಗ್ಗೆ ಅದು ಕಳುವಾಗಿತ್ತು. ದುರುಗಮ್ಮ ಅಂಗೈ ಚಾಚಿ ತೋರಿಸಿದ್ದಳು.

"ಭೀಮಕ್ಕಾ, ಇಪ್ಪತ್ತು ವರ್ಷ ಆಸ್ಪತ್ರೆ ಬಟ್ಟೆ ಕಲ್ಲಿಗೆ ಬಡಿದೀನಿ. ಈಗ ಬೆರಳು ಮಡಚಾಕೆ ಆಗಲ್ಲ. ಸಂಜೆಗೆ ಬಟ್ಟೆ ಕೊಡದಿದ್ರೆ ಕೆಲಸ ಬೇರೆಯೋರಿಗಂತೆ."

ನಾನು ರಿಪೇರಿ ಚೀಲ ಹೆಗಲಿಗೇರಿಸಿದೆ.

ನಾನು ಜಗಳೂರಿನವಳು, ಮಷೀನ್ ರಿಪೇರಿ ನನ್ನ ಕಸುಬು. ಕಳ್ಳನನ್ನು ಹುಡುಕುವ ಕಷ್ಟವೇ ಬರಲಿಲ್ಲ... ಅವನೇ ಫೋನ್ ಮಾಡಿದ! ಪೆಟ್ಟಿಗೆ ಮೇಲೆ ನನ್ನ ನಂಬರಿನ ಸ್ಟಿಕರ್ ಇತ್ತಲ್ಲ.

"ಮೇಡಂ, ಅಡಿಕೆ ಸುಲಿಯೋ ಮಷೀನಿಗೆ ಡ್ರೈವ್ ಹಾಕೀನಿ, ಮೋಟರ್ ಉಲ್ಟಾ ತಿರುಗ್ತೈತೆ. ಕರೆಂಟ್ ಬರೋ ಕಡೆ ವೈರ್ ಅದಲು ಬದಲು ಮಾಡಿದ್ರೂ ಉಲ್ಟಾನೇ!"

ಪಂಪ್‌ಸೆಟ್ ಬುದ್ಧಿ! ಪಂಪ್‌ಸೆಟ್ಟಿಗಾದರೆ ಅಷ್ಟು ಸಾಕು. ಡ್ರೈವ್ ಇದ್ದರೆ ಮೋಟರಿಗೆ ಹೋಗುವ ವೈರ್ ಬದಲಿಸಬೇಕು.

"ಅಡ್ರೆಸ್ ಹೇಳಪ್ಪಾ, ಬಂದೆ," ಅಂದೆ.

ಹೇಳಿದ!

ಆದರೆ ಪುಣ್ಯಾತ್ಮನಿಗೆ ತಾಳ್ಮೆ ಇಲ್ಲ. ನಾನು ಬರುವಷ್ಟರಲ್ಲಿ ಕರೆಂಟ್ ಬರುವ ವೈರುಗಳನ್ನೇ ತಂದು ಡ್ರೈವ್‌ನಲ್ಲಿ ಮೋಟರ್ ವೈರ್ ಕೂರಬೇಕಾದ ಜಾಗಕ್ಕೆ ಕೊಟ್ಟಿದ್ದ. ಹ್ಯಾಂಡಲ್ ಎತ್ತಿದರೆ... ಢಮಾರ್!

ಗುರುಸ್ವಾಮಿ ನಕ್ಕ. "ಓಹೋ, ಸುಟ್ಟೋಗ್ತೈತಾ? ಹಂಗಾದ್ರೆ ಅಲ್ಲೇ ನಿಂತ್ಕಳ್ರಿ. ನಿಮ್ಮ ಬೈಕ್ ಕೀ ಈ ಕಡೆ ಎಸೀರಿ, ನಾನು ಹೊಂಟೆ. ಇಲ್ಲಾಂದ್ರೆ ಎತ್ತೇ ಬಿಡ್ತೀನಿ!"

ನಡುವೆ ಹತ್ತು ಹೆಜ್ಜೆ. ಗೋಡೆ ಗಡಿಯಾರ ನೋಡಿದೆ. ಮಧ್ಯಾಹ್ನ ಎರಡಕ್ಕೆ ಮೂರು ನಿಮಿಷ.

ಚೀಲ ತಡಕಿದೆ. ಟೆಸ್ಟರ್. ಎಲೆಅಡಿಕೆ. ಮತ್ತೆ ಟೆಸ್ಟರ್.

"ಕೀ ಸಿಗ್ತಿಲ್ಲ ಕಣಪ್ಪಾ..."

"ಬೇಗ!"

"ಊಟ ಆಯ್ತಾ?"

"ಎತ್ತಲಾ?!"

ಲೈನಿನಲ್ಲಿ ಕರೆಂಟ್ ಇದೆಯೆಂದು ತೋರಿಸುವ ಸ್ಟಾರ್ಟರ್ ಬೋರ್ಡಿನ ಕೆಂಪು ದೀಪ ಆರಿತು. ಗುರುಸ್ವಾಮಿ ನನ್ನನ್ನೇ ನೋಡುತ್ತಿದ್ದ.

"ಎತ್ತು," ಅಂದೆ.

ಎತ್ತಿದ. ಏನೂ ಆಗಲಿಲ್ಲ!

ಎರಡಕ್ಕೆ ಹಳ್ಳಿಯಲ್ಲಿ ಮೋಟರ್ ಓಡಿಸುವ ತ್ರೀ-ಫೇಸ್ ಕರೆಂಟಿನ ಪಾಳಿ ಮುಗಿಯುತ್ತದೆ. ಪಂಪ್‌ಸೆಟ್ ಮೆಕ್ಯಾನಿಕ್ಕಿಗೇ ಅದು ಮರೆತುಹೋಗಿತ್ತು.

ಓಡಿದ. ಒಣಗಲು ಹಾಕಿದ್ದ ಅಡಿಕೆ ಮೇಲೆ ಕಾಲಿಟ್ಟು ಜಾರಿಬಿದ್ದ. ಕಾಲರ್ ಹಿಡಿದು ಎಬ್ಬಿಸಿ, ಡ್ರೈವ್ ಬಿಚ್ಚಿಸಿ, ಅದರ ಸಮೇತ ಬೈಕಿಗೆ ಹತ್ತಿಸಿದೆ.

ನಾಲ್ಕಕ್ಕೆ ಹೊನ್ನಾಳಿಯಲ್ಲಿ ಡ್ರಮ್ ತಿರುಗಿತು. ದುರುಗಮ್ಮ ಮಷೀನಿನ ಮೇಲೆ ಕೈಯಿಟ್ಟು ಅತ್ತೇಬಿಟ್ಟಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ!

ಮೊದಲ ಸುತ್ತಿನ ಬಟ್ಟೆ ಹೊರಬಂದಾಗ ಗುರುಸ್ವಾಮಿ ಮೆಲ್ಲಗೆ ಕೇಳಿದ. "ಅಕ್ಕಾ, ಹೋಗ್ಲಿ ಬಿಡ್ರಿ... ಆ ಮೋಟರ್ ಯಾಕೆ ಉಲ್ಟಾ ತಿರುಗ್ತಿತ್ತು?"

ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ಅವನ ತಲೆ ಮೇಲಿಟ್ಟೆ.

"ಮೊದಲು ಇವನ್ನ ಒಣಗಾಕು. ಆಮೇಲೆ ಸ್ಟೇಷನ್ನಿನಲ್ಲಿ ಹೇಳಿಕೊಡ್ತೀನಿ. ಅಲ್ಲಿ ಕಲಿಯಾಕೆ ನಿಂಗೆ ಬೇಕಾದಷ್ಟು ಟೈಮ್ ಸಿಗ್ತೈತೆ!"