ಮೂರನೆಯ ಕೈ

"ಗೇಮ್ ಪಾರ್ಕ್‌ಗೆ ಹೋಗೋಣ ಅನ್ನೋರು ಕೈ ಎತ್ತಿ" ಎಂದ ಅಣ್ಣ.

ಮೂರು ಕೈ ಎದ್ದವು. ಒಂದು ಅಮ್ಮನದು, ಒಂದು ಪುಟ್ಟಿಯದು. ಮೂರನೆಯದು ಸೋಫಾದ ತುದಿಯಲ್ಲಿ ಅಮ್ಮನ ಪಕ್ಕ ಕೂತಿದ್ದ ಲಿಫ್ಟ್ ಮೆಕ್ಯಾನಿಕ್‌ನದು.

ಅವನು ಈ ಮನೆಯವನಲ್ಲ. ಕೈ ಮೇಲೆ ಹೋದ ನಂತರವೇ ಅದು ಅವನಿಗೆ ನೆನಪಾದಂತಿತ್ತು. ಕಿವಿಗಳು ಮೆಲ್ಲಗೆ ಕೆಂಪಾದವು. ಆದರೂ ಕೈ ಇಳಿಸಲಿಲ್ಲ. ಇಳಿಸಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂದೋ ಏನೋ, ಬೆರಳುಗಳನ್ನು ಗಾಳಿಯಲ್ಲೇ ಒಮ್ಮೆ ಮಡಚಿ ಬಿಡಿಸಿದ.

ಪುಟ್ಟಿ ಅವನನ್ನೇ ನೋಡಿದಳು. ಅವನೂ ನೋಡಿದ, ಮರುಕ್ಷಣ ನೆಲದ ಟೈಲ್ಸ್ ಎಣಿಸತೊಡಗಿದ.

ಅಣ್ಣನಿಗೆ ಆಫೀಸಿನಲ್ಲಿ ಮೀಟಿಂಗುಗಳ ನಡಾವಳಿ ಬರೆಯುವ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ಪರದೆಯ ಬಣ್ಣವಿರಲಿ, ಹೊಸ ಫ್ರಿಜ್ ಇರಲಿ, ಭಾನುವಾರ ಮಧ್ಯಾಹ್ನ ಎಲ್ಲರೂ ಕೂರಬೇಕು, ಕೈ ಎತ್ತಬೇಕು, ಅವನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎರಡೂ ಕಡೆ ಸಮವಾದರೆ ಅಣ್ಣ ಹೇಳಿದ್ದೇ ಅಂತಿಮ. ಮನೆಯಲ್ಲಿ ಇದ್ದದ್ದೇ ನಾಲ್ಕು ಓಟು, ಅತ್ತಿಗೆ ಸದಾ ಅಣ್ಣನ ಕಡೆ. ಹಾಗಾಗಿ ಹತ್ತು ವರ್ಷಗಳಲ್ಲಿ ಅಣ್ಣ ಒಮ್ಮೆಯೂ ಸೋತಿರಲಿಲ್ಲ.

ಇವತ್ತಿನ ವಿಷಯ ಮನೆಮಂದಿಯ ಮೊದಲ ವಿದೇಶ ಪ್ರವಾಸ. ಅಣ್ಣ, ಅತ್ತಿಗೆಯರದು ಹಿಮದ ಬೆಟ್ಟಗಳ ಬಸ್ ಟೂರ್. ಅಮ್ಮನದು ವಿಡಿಯೋ ಗೇಮ್ ಪಾರ್ಕ್.

ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಅಮ್ಮನಿಗೆ ಮಣಿಕಟ್ಟಿನ ಆಪರೇಷನ್ ಆದಾಗ, ಬೆರಳಾಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಆಟದ ಹುಚ್ಚು ಹತ್ತಿದ್ದು ಹಾಗೆ. ಕೊಡೆ ಹಿಡಿದ ನರಿಯೊಂದು ಮಾಳಿಗೆಯಿಂದ ಮಾಳಿಗೆಗೆ ಹಾರುವ ಆಟ. ಆ ಮಾಳಿಗೆಗಳನ್ನು, ಆ ಊರನ್ನು, ನಿಜಕ್ಕೂ ಕಟ್ಟಿಟ್ಟಿರುವ ಪಾರ್ಕ್ ಅದು. ನರಿ ಹಾರುವ ದೊಡ್ಡ ರೈಡ್‌ಗೆ ಅರವತ್ತೈದು ದಾಟಿದವರನ್ನು ಹತ್ತಿಸುವುದಿಲ್ಲ. ಅಮ್ಮನಿಗೆ ಈಗ ಅರವತ್ತೈದು. ಈ ವರ್ಷ ಬಿಟ್ಟರೆ ಮತ್ತಿಲ್ಲ.

ಮೆಕ್ಯಾನಿಕ್ ಸಿಕ್ಕಿದ್ದೂ ಆಟದಿಂದಲೇ. ಹೋದ ವರ್ಷ ಅಮ್ಮ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಮೇಲಿನ ಕಿಂಡಿಯಿಂದ ಇಣುಕಿದವನು "ಹೆದರಬೇಡಿ ಅಮ್ಮಾ, ಹತ್ತೇ ನಿಮಿಷ" ಎಂದರೆ, ಕೆಳಗಿನಿಂದ, ಮೊಬೈಲಿನಿಂದ ತಲೆ ಎತ್ತದೆಯೇ ಬಂದ ಉತ್ತರ, "ನಿಧಾನಕ್ಕೆ ತೆಗಿಯಪ್ಪ, ಈ ಹಂತ ಮುಗೀಲಿ." ಆ ಹಂತವನ್ನು ಮುಗಿಸಿಕೊಟ್ಟವನು ಅವನೇ, ಕಿಂಡಿಯಿಂದ ಕೈ ಚಾಚಿ ಮೊಬೈಲ್ ತೆಗೆದುಕೊಂಡು. ಅವತ್ತಿನಿಂದ ಅಮ್ಮನಿಗೆ ಅವನು 'ಪಾರ್ಟ್ನರ್'. ಪ್ರತಿ ಭಾನುವಾರ ಇಬ್ಬರಾಡುವ ಆಟ.

ಪುಟ್ಟಿ ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಮೇಣದಲ್ಲಿ ಹಲ್ಲು ಕೊರೆಯುವವಳಿಗೆ ಜನರ ಮುಖಕ್ಕಿಂತ ಮೊದಲು ಬಾಯಿ ಕಾಣುತ್ತದೆ. ಮೆಕ್ಯಾನಿಕ್‌ನ ಮುಂದಿನ ಹಲ್ಲಿನ ಒಂದು ಮೂಲೆ ಚೂರೇ ಚೂರು ಮುರಿದಿತ್ತು. ಎಂಥೆಂಥ ಹಲ್ಲನ್ನೋ ಸರಿ ಮಾಡಿದ ಅವಳಿಗೆ ಅದೊಂದನ್ನು ಮಾತ್ರ ಯಾರೂ ಮುಟ್ಟಬಾರದು ಅನ್ನಿಸಿತ್ತು. ಅವನು ನಕ್ಕಾಗಲೆಲ್ಲ ಆ ಮೂಲೆ ಕಂಡು, ಅವಳು ಕಾಫಿಯ ನೆಪದಲ್ಲಿ ಅಡುಗೆಮನೆಗೆ ಓಡುತ್ತಿದ್ದಳು.

"ಸಕ್ಕರೆ ಜಾಸ್ತಿಯಾಯ್ತು ಮೇಡಂ" ಎನ್ನುತ್ತಿದ್ದ ಅವನು.

"ಹಲ್ಲು ಹಾಳಾಗ್ಲಿ ಅಂತಾನೇ ಹಾಕಿದ್ದು. ನಮ್ಮ ಹೊಟ್ಟೆಪಾಡು."

"ಹಾಳಾದ್ರೆ ನೀವೇ ಕಟ್ಟಿಕೊಡ್ತೀರಾ?"

"ನೋಡೋಣ."

ಈ 'ನೋಡೋಣ'ಕ್ಕೆ ಹನ್ನೊಂದು ತಿಂಗಳಾಗಿತ್ತು.

ಅಣ್ಣ ಪೆನ್ನು ಕೈಗೆತ್ತಿಕೊಂಡ. "ನೀವು ಕೈ ಇಳಿಸ್ರೀ. ಇದು ಮನೆಯವರ ಮೀಟಿಂಗು. ಪಾರ್ಕ್‌ಗೆ ಎರಡು, ಬೆಟ್ಟಕ್ಕೆ ಎರಡು. ಸಮ. ಬೆಟ್ಟ ಅಂತ ಬರ್ಕೋತೀನಿ."

"ಬರೀಬೇಡ" ಎಂದಳು ಪುಟ್ಟಿ.

"ಯಾಕೆ?"

"ಹದಿನಾಲ್ಕನೇ ಪುಟ ತೆಗಿ. ಅತ್ತಿಗೆಗೆ ಓಟು ಸಿಕ್ಕಿದ್ದು ಯಾವಾಗ? ಮದುವೆಗೆ ಐದು ತಿಂಗಳು ಮುಂಚೆ. ಈ ಮನೆಯವರನ್ನ ಮದುವೆ ಆಗೋರೂ ಮನೆಯವರೇ ಅಂತ ನೀನೇ ಬರೆದಿದ್ದೀಯ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

ಪುಟ್ಟಿ ಮೆಕ್ಯಾನಿಕ್ ಕಡೆ ಕೈ ತೋರಿಸಿದಳು. "ಇವರನ್ನ ನಾನು ಮದುವೆ ಆಗ್ತೀನಿ. ಅದೇ ಸಂಬಂಧ."

ಟಿವಿ ಪರದೆಯ ಮೇಲೆ ನರಿ ಕೊಡೆ ಬಿಚ್ಚಿ ಮುಚ್ಚುತ್ತ ಕಾಯುತ್ತಿತ್ತು. ಅಮ್ಮ ಬಾಯಿಗೆ ಹಾಕಿಕೊಂಡ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತರು.

"ನಿಂಗೇನು ತಲೆ ಕೆಟ್ಟಿದೆಯಾ ಪುಟ್ಟಿ? ಲಿಫ್ಟ್ ರಿಪೇರಿ ಮಾಡೋನು..." ಎಂದ ಅಣ್ಣ.

"ನಾನು ಹಲ್ಲು ರಿಪೇರಿ ಮಾಡೋಳು. ಸರಿಹೋಯ್ತಲ್ಲ."

ಆಗ ಮೆಕ್ಯಾನಿಕ್ ಕೈ ಇಳಿಸಿದ. ಎದ್ದು ನಿಂತ. ಕಿವಿಯ ಕೆಂಪು ಈಗ ಮುಖದ ತುಂಬ ಹರಡಿತ್ತು, ನಾಚಿಕೆಯದಲ್ಲ.

"ನನ್ನ ಓಟು ವಾಪಸ್ ತಗೊಂಡೆ ಸಾರ್" ಎಂದ. ಆಮೇಲೆ ಅವಳ ಕಡೆ ತಿರುಗಿದ. "ಟ್ರಿಪ್ಪಿಗೆ ಒಂದು ಓಟು ಕಮ್ಮಿ ಬಿತ್ತು ಅಂತ ನನ್ನನ್ನ ಮನೆಯವನು ಮಾಡ್ಕೋಬೇಡಿ. ಹನ್ನೊಂದು ತಿಂಗಳು ಕಾದಿದ್ದು ಇದನ್ನ ಕೇಳೋಕಲ್ಲ."

ಅಮ್ಮನಿಗೆ ತಲೆಬಾಗಿ, ಬಾಗಿಲ ಬಳಿ ಹೋಗಿ ಶೂ ಹಾಕಿಕೊಳ್ಳಲು ಕುಕ್ಕರಿಸಿದ.

ಪುಟ್ಟಿ ಕೂತಲ್ಲೇ ಇದ್ದಳು. ತಾನು ಆಡಿದ ಮಾತು ತನಗೇ ಬೇರೆ ಥರ ಕೇಳಿಸಿತು. ಹನ್ನೊಂದು ತಿಂಗಳು ಬಾಯಿ ಬಿಡದವಳು, ಬಿಟ್ಟದ್ದು ಒಂದು ಓಟು ಬೇಕಾದಾಗ. ಹಾಗಲ್ಲ ಎಂದು ಅವನು ನಂಬುವುದಾದರೂ ಹೇಗೆ?

ಮಾತಾಡಿದ್ದು ಅತ್ತಿಗೆ. "ಅವರು ಹೇಳಿದ್ದು ಸರಿಯಾಗಿಯೇ ಇದೆ. ಅವತ್ತು ನನ್ನ ಓಟು ಎಣಿಸಿದ್ದು ಟಿವಿ ತಗೊಳ್ಳೋ ವಿಷಯಕ್ಕೆ. ನಿಮ್ಮಣ್ಣನಿಗೆ ಒಂದು ಓಟು ಬೇಕಾಗಿತ್ತು. ನನ್ನನ್ನ ಮನೆಗೆ ಸೇರಿಸ್ಕೊಂಡಿದ್ದು ಪ್ರೀತಿಗೋ ಟಿವಿಗೋ ಅಂತ ನನಗಿನ್ನೂ ಗೊತ್ತಾಗಿಲ್ಲ."

"ಏನೇ ಇದು, ಇದ್ದಕ್ಕಿದ್ದ ಹಾಗೆ" ಎಂದ ಅಣ್ಣ.

"ಇದ್ದಕ್ಕಿದ್ದ ಹಾಗೇನಲ್ಲ. ಹತ್ತು ವರ್ಷ ಆಯ್ತು."

ಪುಟ್ಟಿ ಎದ್ದಳು. ಪೆನ್ನು ತೆಗೆದುಕೊಂಡು ಕ್ಯಾಪ್ ಬಿಚ್ಚಿ ಅಣ್ಣನ ಕೈಗಿಟ್ಟಳು.

"ಬರ್ಕೋ. ನನ್ನ ಓಟು ಬೆಟ್ಟಕ್ಕೆ. ಮೂರು, ಒಂದು. ಪಾರ್ಕ್ ಇಲ್ಲ. ಮುಗೀತು."

"ಪುಟ್ಟಿ..." ಎಂದರು ಅಮ್ಮ.

ಅಮ್ಮನ ಮುಖ ನೋಡಿದರೆ ಸೋಲುತ್ತಿದ್ದಳು. ನೋಡಲಿಲ್ಲ. "ಕ್ಷಮಿಸಮ್ಮ. ಈಗ ಮುಂದಿನ ವಿಷಯ. ಇದಕ್ಕೆ ಯಾರೂ ಕೈ ಎತ್ತೋದು ಬೇಡ, ಬರೆದರೆ ಸಾಕು. ಯಾವ ಟ್ರಿಪ್ಪೂ ಇಲ್ಲದಿದ್ರೂ, ನೀನು ಮಾತು ಬಿಟ್ಟರೂ, ನಾನು ಇವರನ್ನೇ ಮದುವೆ ಆಗೋದು. ಅವರು ಒಪ್ಪಿದ್ರೆ. ಒಪ್ಪದಿದ್ರೆ ಅದನ್ನೂ ಬರ್ಕೋ, ನನಗೇನೂ ನಾಚಿಕೆ ಇಲ್ಲ."

ಅಮ್ಮ ಬಿಸ್ಕತ್ತು ನುಂಗಿದರು. "ಬರೆಯೋ" ಎಂದರು ಮಗನಿಗೆ. "ಅಕ್ಷರ ದುಂಡಗಿರಲಿ."

ಬಾಗಿಲ ಬಳಿ ಒಂದು ಶೂ ಹಾಕಿಯಾಗಿತ್ತು. ಇನ್ನೊಂದು ಕೈಯಲ್ಲೇ ಉಳಿದಿತ್ತು. ಪುಟ್ಟಿ ಹೋಗಿ ಅವನೆದುರು ಕುಕ್ಕರಿಸಿದಳು.

"ಕೇಳಿಸ್ತಾ?"

"ಕೆಳಗಿನ ಮನೆಗೂ ಕೇಳಿಸಿರುತ್ತೆ."

"ಏನಂತೀರಿ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಈ ಸಲ ಟೈಲ್ಸ್ ಎಣಿಸಲಿಲ್ಲ. ಅವಳ ಹಣೆಯಿಂದ ಗಲ್ಲದವರೆಗೆ, ಎಲ್ಲೋ ದಾರಿ ತಪ್ಪಿ ಬಂದು ಕೊನೆಗೂ ಮನೆ ಗುರುತು ಹಿಡಿದವನಂತೆ, ಅವಸರವಿಲ್ಲದೆ ನೋಡಿದ.

"ನಾಲ್ಕು ಜನರ ಮುಂದೆ ಕೇಳಿದ್ದಕ್ಕೆ, ನಾನು ಬಾಗಿಲ ಸಂದೀಲಿ ಗುಸುಗುಸು ಅಂತ ಉತ್ತರ ಕೊಡಲ್ಲ."

ಎದ್ದ. ಒಂದು ಕಾಲಿಗೆ ಶೂ, ಒಂದು ಬರಿಗಾಲು. ಹಾಗೆಯೇ ಕುಂಟುತ್ತ ಹಾಲ್‌ನ ನಡುವೆ ಬಂದು ಅಣ್ಣನೆದುರು ನಿಂತ.

"ಬರ್ಕೊಳ್ಳಿ ಸಾರ್. ಒಪ್ಪಿದಾನೆ ಅಂತ. ನೀವು ಒಪ್ಪದಿದ್ರೂ ಒಪ್ಪಿದಾನೆ ಅಂತ."

ಅಣ್ಣ ಅವನ ಕಾಲು ನೋಡಿದ, ತಂಗಿಯನ್ನು ನೋಡಿದ, ಹೆಂಡತಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಬರೆದ. ಬರೆಯುವಾಗ ಏನನ್ನೋ ಗೊಣಗಿದ, ಯಾರೂ ಕೇಳಿಸಿಕೊಳ್ಳಲಿಲ್ಲ.

"ಹಾಗಾದ್ರೆ" ಎಂದರು ಅತ್ತಿಗೆ, "ಮನೆಯವರು ಈಗ ಐದು ಜನ. ಹೊಸಬರು ಬಂದ ಮೇಲೆ ಹಳೇ ಲೆಕ್ಕ ನಡೆಯಲ್ಲ. ಪ್ರವಾಸದ ಓಟು ಇನ್ನೊಂದು ಸಲ ತಗೊಳ್ಳಿ."

"ಅಂಥ ನಿಯಮ ಎಲ್ಲಿದೆ?"

"ಈಗ ಮಾಡ್ತಿದೀನಿ."

ಎಂದವರೇ ಎಲ್ಲರಿಗಿಂತ ಮೊದಲು ಪಾರ್ಕಿಗೆ ಕೈ ಎತ್ತಿದರು. ಅಮ್ಮ ಎರಡೂ ಕೈ ಎತ್ತಿದರು, ಒಂದನ್ನು ಅಣ್ಣ ಇಳಿಸಿದ. ಮೆಕ್ಯಾನಿಕ್‌ನ ಪಕ್ಕ ಬಂದು ನಿಂತಿದ್ದ ಪುಟ್ಟಿಯೂ ಎತ್ತಿದಳು, ಎಡಗೈ.

ಅಣ್ಣ ಮೆಕ್ಯಾನಿಕ್ ಕಡೆ ಪೆನ್ನು ತೋರಿಸಿದ. "ಎತ್ತಿ ಸಾರ್. ಈಗ ನಿಮಗೂ ಓಟಿದೆ."

"ಒಂದು ಕೈಯಲ್ಲಿ ಶೂ ಇದೆ" ಎಂದ ಅವನು. ನಕ್ಕಾಗ ಆ ಮುರಿದ ಮೂಲೆ ಕಂಡಿತು. "ಈ ಕೈಯನ್ನ ಇವರು ಬಿಡ್ತಾ ಇಲ್ಲ."

"ಬಿಡಲ್ಲ" ಎಂದಳು ಪುಟ್ಟಿ.