ಕೇಳದೆ ಹಚ್ಚಿದ ಅಂಟು

ಹಾಲು, ಬೆಣ್ಣೆ, ಜೇನು, ಚರ್ಮ ಎಲ್ಲವನ್ನೂ ಬಿಟ್ಟಿದ್ದಕ್ಕೆ ಅವಳು ತೆತ್ತದ್ದು ಇಷ್ಟು: ಗೆಳತಿಯರ ಹುಟ್ಟುಹಬ್ಬದ ಕೇಕು, ಚಳಿಗಾಲದ ಉಣ್ಣೆಯ ಸ್ವೆಟರು, ಮತ್ತು ಚಿಕ್ಕಮ್ಮನ ಕೈ ಅಡುಗೆಯ ಮೇಲಿದ್ದ ನಂಬಿಕೆ.

ಕೊನೆಯದೇ ದುಬಾರಿ. ತಾಯಿಯಿಲ್ಲದ ಅವಳನ್ನು ಸಾಕಿದ್ದು ಚಿಕ್ಕಮ್ಮ. ಹುಡುಗಿ ಸೊರಗುತ್ತಿದ್ದಾಳೆಂದು ಸೂಪಿಗೆ ಬೆಣ್ಣೆ ಕದಡಿ ಕೊಟ್ಟು, ಸಿಕ್ಕಿಬಿದ್ದಾಗ, "ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ ಕಣೇ" ಎಂದಿದ್ದಳು. ಅಂದಿನಿಂದ ಹುಡುಗಿಯ ಪಾತ್ರೆ ಬೇರೆ, ಒಲೆಯ ಸರದಿ ಬೇರೆ. ಒಂದೇ ಮೇಜು, ಆದರೆ ಊಟ ಎರಡು.

ಹಳೆಯ ಪುಸ್ತಕಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವುದನ್ನು ಕಲಿಸುವ ಶಾಲೆಗೆ ಸೇರಿದ ಮೊದಲ ದಿನವೇ ಜಗಳವಾಯಿತು. ಪಕ್ಕದ ಮೇಜಿನ ಎತ್ತರದ ಹುಡುಗ, ಎಲ್ಲರ ಬಾಯಲ್ಲಿ ಲಂಬು, ಸಣ್ಣ ಪಾತ್ರೆಯಲ್ಲಿ ಏನನ್ನೋ ಕಾಯಿಸುತ್ತಿದ್ದ. ಆ ವಾಸನೆಗೆ ಅವಳು ಮೂಗು ಮುಚ್ಚಿಕೊಂಡಳು.

"ಏನದು?"

"ಅಂಟು. ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ರುಚಿ ನೋಡ್ತೀರಾ?"

ತರಗತಿ ನಕ್ಕಿತು. ಅವಳು ಕುರ್ಚಿ ಎತ್ತಿಕೊಂಡು ಕಿಟಕಿಯ ಪಕ್ಕಕ್ಕೆ ಹೋದಳು. ತಾನು ವೀಗನ್, ಪ್ರಾಣಿಗಳಿಂದ ಬಂದದ್ದೇನನ್ನೂ ಮುಟ್ಟುವುದಿಲ್ಲ, ಗೋಧಿ ಹಿಟ್ಟಿನ ಅಂಟಿನಲ್ಲೇ ಎಲ್ಲ ಕೆಲಸ ಮಾಡುವೆನೆಂದು ಮೇಷ್ಟ್ರಿಗೆ ಹೇಳಿದಳು. ಕಟ್ಟು ನಿಂತರೆ ಪಾಸು, ಬಿಚ್ಚಿಕೊಂಡರೆ ಫೇಲು, ಆಮೇಲೆ ಅಳಬಾರದು ಎಂದರು ಮೇಷ್ಟ್ರು. ಸಂಜೆಯೊಳಗೆ ಅವಳಿಗೆ 'ಸೊಪ್ಪು' ಎಂಬ ಅಡ್ಡಹೆಸರು ಬಿದ್ದಿತ್ತು.

ಅವಳ ಮನಸ್ಸು ಅವನತ್ತ ತಿರುಗಿದ್ದು ಅಧ್ಯಯನ ಪ್ರವಾಸದಲ್ಲಿ. ಬಸ್ಸು ಊಟಕ್ಕೆ ನಿಂತಲ್ಲೆಲ್ಲ ಲಂಬು ಎಲ್ಲರಿಗಿಂತ ಮೊದಲು ಇಳಿದು, ಅಡುಗೆಮನೆಯ ಕಿಟಕಿಯೊಳಗೆ ತಲೆ ತೂರಿಸುತ್ತಿದ್ದ. ಸೂಪಿಗೆ ಏನು ಹಾಕಿದ್ದೀರಿ, ಬ್ರೆಡ್ಡಿಗೆ ಮೊಟ್ಟೆ ಸವರಿದ್ದೀರಾ, ಕರಿದದ್ದು ಯಾವುದರಲ್ಲಿ... ಬೈಸಿಕೊಂಡಾದರೂ ಕೇಳಿ ಬರುತ್ತಿದ್ದ. ಬಂದು, ಇದು ತಿನ್ನಬಹುದು, ಇದು ಬೇಡ ಎಂದು ದೂರದಿಂದಲೇ ಅವಳಿಗೆ ತಲೆಯಾಡಿಸುತ್ತಿದ್ದ. ಒಂದು ಕಡೆ ಅವಳು ತಿನ್ನುವಂಥದ್ದು ಏನೂ ಇಲ್ಲವೆಂದು ತಲೆಯಾಡಿಸಿ, ಪಕ್ಕದಲ್ಲಿ ಕೂತು ಬಾಳೆಹಣ್ಣು ಸುಲಿದು ಕೊಟ್ಟ.

"ಮೊದಲ ದಿನ ನಾನು ಹಾಗೆ ಹೇಳಬಾರದಿತ್ತು" ಎಂದ.

'ಇಷ್ಟು ಜನರಲ್ಲಿ ಇವನೊಬ್ಬನ ಕೈಯಿಂದ ಕಣ್ಣು ಮುಚ್ಚಿ ತಿನ್ನಬಹುದು...' ಎಂದುಕೊಂಡಳು. ಅವಳ ಮಟ್ಟಿಗೆ ಅದೇ ಪ್ರೀತಿ.

ವರ್ಷದ ಕೊನೆಯ ಪರೀಕ್ಷೆ. ಯಾರ ಕಟ್ಟು ಚೆನ್ನಾಗಿರುತ್ತದೋ ಅವರಿಗೆ ದೂರದ ನಗರದ ದೊಡ್ಡ ಗ್ರಂಥಾಲಯದಲ್ಲಿ ತರಬೇತಿ. ಅವಳು ಬಯಸಿದ್ದು ಅದೊಂದನ್ನೇ. ಆದರೆ ಆ ವಾರ ಬಿಸಿಲೇ ಇಲ್ಲ, ಹಿಟ್ಟಿನ ಅಂಟು ಆರಲೇ ಇಲ್ಲ. ಪುಸ್ತಕದ ಬೆನ್ನು ಮೆತ್ತಗಿರುವಂತೆಯೇ ಅದನ್ನು ಭಾರದ ಹಲಗೆಯಡಿ ಒತ್ತಿಟ್ಟು, ಕೈ ಹಿಸುಕಿಕೊಳ್ಳುತ್ತಾ ಮನೆಗೆ ಹೋದಳು.

ಬೆಳಿಗ್ಗೆ ಮೇಷ್ಟ್ರು ಪುಸ್ತಕವನ್ನು ತೆರೆದರು, ಮಡಿಸಿದರು, ರಟ್ಟು ಹಿಡಿದು ತೂಗಾಡಿಸಿದರು. ಒಂದು ಹಾಳೆಯೂ ಅಲುಗಲಿಲ್ಲ. ಮೊದಲ ಸ್ಥಾನ. ಎಲ್ಲರೂ ಚಪ್ಪಾಳೆ ತಟ್ಟಿದರು. ಲಂಬು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಪುಸ್ತಕ ಕೈಗೆ ಬಂದಾಗ ಅವಳಿಗೆ ಮೊದಲ ದಿನದ ಆ ವಾಸನೆ ತಗುಲಿತು. ಬೆನ್ನಿನ ಅಂಚಿನಲ್ಲಿ ಗಾಜಿನಂತೆ ಗಟ್ಟಿಯಾದ ಕಂದು ಹನಿಯೊಂದಿತ್ತು. ಒದ್ದೆ ಬೆರಳಿನಿಂದ ಉಜ್ಜಿದಳು. ಅಂಟಿತು. ತರಗತಿಯಲ್ಲಿ ಆ ಪಾತ್ರೆ ಕಾಯಿಸುವವನು ಒಬ್ಬನೇ.

ಅವನ ಮೇಜಿನ ಮೇಲೆ ಪುಸ್ತಕ ಕುಕ್ಕಿದಳು.

"ಯಾಕೆ?"

ಅವನು ಹನಿಯನ್ನು ನೋಡಿದ. "ಸಂಜೆ ಬಂದು ನೋಡ್ದೆ, ಇನ್ನೂ ಒದ್ದೆ ಇತ್ತು. ಬಿಚ್ಕೊಳ್ತಿತ್ತು. ನಿನ್ನ ವರ್ಷ ಹಾಳಾಗೋದು ನೋಡೋಕಾಗಲಿಲ್ಲ... ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ."

ಅದೇ ಮಾತು. ಬೆಣ್ಣೆ ಕದಡಿದ ಅದೇ ಸೂಪು.

"ದಾರಿಯಲ್ಲಿದ್ದ ಅಡುಗೆಮನೆಯವರನ್ನೆಲ್ಲ ಕೇಳ್ದೆ ನೀನು," ಎಂದಳು ಅವಳು. "ನನ್ನನ್ನ ಕೇಳಲಿಲ್ಲ. ನಾನು ಸೋತಿದ್ರೆ ನನ್ನ ಸೋಲು ಕಣೋ. ಈ ಗೆಲುವು ಯಾರದ್ದು?"

ನೇರ ಮೇಷ್ಟ್ರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಒಂದು ಸವರು ಅಂಟಿಗೆ ಇಷ್ಟು ರಂಪ ಬೇಡ, ಸುಮ್ಮನಿರು ಎಂದರು ಮೇಷ್ಟ್ರು. ಒಂದು ಸವರು, ಒಂದು ಚಮಚ... ತನ್ನ ಇಲ್ಲ ಎಂಬ ಮಾತಿಗೆ ಇವರೆಲ್ಲರ ಲೆಕ್ಕದಲ್ಲಿ ಒಂದು ಚಮಚದ ತೂಕವೂ ಇಲ್ಲವೇ? ಅವಳು ಬಾಗಿಲಲ್ಲೇ ನಿಂತಳು. ಹಿಂದೆಯೇ ಬಂದ ಲಂಬು, ತಪ್ಪು ತನ್ನದು, ಅವಳಿಗೆ ಏನೂ ತಿಳಿಯದು ಎಂದ. ನಿಯಮ ನಿಯಮವೇ: ಬೇರೆಯವರ ಕೈ ಸೇರಿದ ಕಟ್ಟಿಗೆ ಸ್ಥಾನವಿಲ್ಲ. ತರಬೇತಿ ಎರಡನೇ ಸ್ಥಾನದವನಿಗೆ ಹೋಯಿತು. ಪುಸ್ತಕವನ್ನು ಮತ್ತೆ ಕಟ್ಟಿ ತೋರಿಸಿದರೆ ಪಾಸು ಎಂದರು.

ಬೆಚ್ಚನೆಯ ಒದ್ದೆ ಬಟ್ಟೆ ಹಾಕಿ ಹಾಕಿ ಆ ಅಂಟನ್ನೆಲ್ಲ ಕೆರೆದು ತೆಗೆದಳು. ಲಂಬು ಹತ್ತಿರ ಬರಲಿಲ್ಲ. ಕ್ಷಮಿಸು ಎಂದು ಪೀಡಿಸಲೂ ಇಲ್ಲ. ತನ್ನ ಪಾತ್ರೆಯನ್ನು ಮಾತ್ರ ಹೊರಗಿನ ಜಗಲಿಗೆ ಒಯ್ದು, ಚಳಿಯಲ್ಲಿ ಕೂತು ಅಲ್ಲೇ ಕಾಯಿಸತೊಡಗಿದ.

ಬಿಸಿಲು ಮರಳಿದ ಒಂದು ಮಧ್ಯಾಹ್ನ ಅವಳ ಮೇಜಿನಿಂದ ಎರಡು ಹೆಜ್ಜೆ ದೂರ ನಿಂತ.

"ಹಿಟ್ಟು ಕಲಸಿ ಕೊಡ್ಲಾ?"

ಕೋಪ ಇನ್ನೂ ಇತ್ತು. ಆದರೆ ಅವನು ಕೇಳಿದ್ದ. ಬೇಡ ಎಂದರೆ ಹೋಗುವವನಂತೆ ಒಂದು ಕಾಲು ಆಗಲೇ ಹಿಂದಕ್ಕಿಟ್ಟಿದ್ದ.

"ಕೈ ತೊಳ್ಕೊಂಡು ಬಾ," ಎಂದಳು. "ಗಂಟು ಬಂದ್ರೆ ಮತ್ತೆ ನೀನೇ ಕಲಸ್ಬೇಕು."

ಅವನು ಕಲಸಿದ. ಅವಳು ಸವರಿದಳು. ಪುಸ್ತಕದ ಬೆನ್ನು ಬಿಸಿಲಲ್ಲಿ ನಿಧಾನವಾಗಿ ಆರಿತು.

"ಇನ್ನೊಂದು ಕೇಳ್ಲಾ?" ಎಂದ ಅವನು. "ನನ್ನ ಜೊತೆ ಇರ್ತೀಯಾ? ಮೊಸರು ಬಿಡೋಕೆ ನನ್ನಿಂದ ಆಗತ್ತೋ ಇಲ್ವೋ, ಸುಳ್ಳು ಹೇಳಲ್ಲ. ಆದ್ರೆ ನಿನ್ನ ತಟ್ಟೆಗೆ, ನಿನ್ನ ಕೆಲಸಕ್ಕೆ, ಕೇಳದೆ ಕೈ ಹಾಕಲ್ಲ."

"ನಾನು ಬೇಡ ಅಂದ್ರೆ?"

"ಹಿಟ್ಟಿನ ಪಾತ್ರೆ ತೊಳೆದಿಟ್ಟು ಹೋಗ್ತೀನಿ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಪಾತ್ರೆ ಹೇಗಿದ್ರೂ ತೊಳಿ. ಆಮೇಲೆ ಇಲ್ಲೇ ಕೂತ್ಕೋ."

ತರಬೇತಿ ಕೈತಪ್ಪಿತು, ಅದು ಮತ್ತೆ ಸಿಗಲಿಲ್ಲ. ಪುಸ್ತಕ ಹಿಟ್ಟಿನ ಅಂಟಿನಲ್ಲೇ ನಿಂತಿತು. ಮತ್ತು ಒಬ್ಬನು ಕೊಟ್ಟದ್ದನ್ನು ಏನೆಂದು ಕೇಳದೆ ತಿನ್ನುವ ನೆಮ್ಮದಿ ಅವಳಿಗೆ ಸಿಕ್ಕಿತು.