ರೆಪ್ಪೆಗೆ ಬಿದ್ದ ಅಂಟು

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಬೈಲಹೊಂಗಲ ಠಾಣೆಗೆ ಬಂದ ನಿಜಗುಣಪ್ಪ ದೂರನ್ನು ಬಾಯಲ್ಲೇ ಹೇಳಿದ. ಪಿಎಸ್‌ಐ ಮಲಕಾಜಪ್ಪನೇ ಬರೆದುಕೊಂಡ. ಮಗಳು ಶೈಲಜಾ ರೇಸಿನ ರಿಮೋಟ್ ಕಾರುಗಳ ಟೈರುಗಳನ್ನು ಸೂಪರ್‌ಗ್ಲೂದಿಂದ ಗಾಲಿಗೆ ಅಂಟಿಸುವವಳು. ಅಂಟಿನ ಘಾಟಿಗೆ ಕಣ್ಣುರಿಯುತ್ತದೆಂದು ಸಂಜೆ ಔಷಧಿ ಹಾಕಿಕೊಳ್ಳುವ ರೂಢಿ. ನಿನ್ನೆ ಸಂಜೆ ಆ ಬಾಟಲಿಯಿಂದ ಬಿದ್ದದ್ದು ಔಷಧಿಯಲ್ಲ, ಅದೇ ಅಂಟು. ಬಲಗಣ್ಣಿನ ರೆಪ್ಪೆಗಳು ಕಚ್ಚಿಕೊಂಡವು.

"ಯಾರ ಮ್ಯಾಲೆ ಸಂಶಯ?"

"ರಾಮದುರ್ಗದ ವಿಜಯನ ಮ್ಯಾಲ್ರಿ. ರವಿವಾರ ಸವದತ್ತ್ಯಾಗ ರೇಸ್ ಐತ್ರಿ. ಆಕಿ ಅಂಟಿಸಲಿಲ್ಲಂದ್ರ ಅಂವನ ಎದುರಾಳಿಗಳು ಸೋಲತಾರ್ರಿ."

ಎಫ್‌ಐಆರ್ ಆಯಿತು. ಪಂಚನಾಮೆಗೆ ಮನೆಗೆ ಹೋದಾಗ ಶೈಲಜಾಳ ಅಣ್ಣ ಸಿದ್ಧಾರೂಢ ಬಾಗಿಲಲ್ಲೇ ನಿಂತಿದ್ದ. ತಂಗಿಯನ್ನು ದವಾಖಾನೆಗೆ ಹೊತ್ತೊಯ್ದವನೂ ಅವನೇ.

"ಆ ಔಷಧಿ ಬಾಟ್ಲಿ ಮುಟ್ಟಿದ್ಯೇನು?"

"ಇಲ್ರಿ. ಎಲ್ಲಿ ಇಡತಾಳ ಅನ್ನೂದೂ ಗೊತ್ತಿಲ್ರಿ."

ಹೇಳಿಕೆ ದಾಖಲಾಯಿತು. ಕಾನ್‌ಸ್ಟೇಬಲ್ ಫಿರದೋಸ್ ಔಷಧಿ ಡಬ್ಬಿಯೊಳಗಿದ್ದ ಬಾಟಲಿಯನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದಳು. ಅದರ ಮೇಲೊಂದು ಬೆರಳ ಗುರುತು ಬೆಳ್ಳಗೆ ಎದ್ದಿತ್ತು. ಮುಚ್ಚಿದ ಡಬ್ಬಿಯೊಳಗೆ ಈ ಅಂಟಿನ ಆವಿ ಬೆರಳಿನ ಬೆವರಿಗೆ ಕೂತರೆ ಹಾಗಾಗುತ್ತದೆ. ಪ್ರಯೋಗಾಲಯದವರು ಬೇಕೆಂದೇ ಮಾಡುವ ಕೆಲಸವನ್ನು ಇಲ್ಲಿ ಪಾಪಿಯ ಅಂಟೇ ಮಾಡಿ ಮುಗಿಸಿತ್ತು. ಮಾಡಿದ್ದುಣ್ಣೋ ಮಹಾರಾಯ! ಮನೆಯವರೆಲ್ಲರ ಬೆರಳಚ್ಚು ಪಡೆದರು.

ಮಧ್ಯಾಹ್ನ ಸಿಕ್ಕ ವಿಜಯ ಹಣೆ ಬಡಿದುಕೊಂಡ. "ನನ್ನ ಟೈರ್ ಅಂಟಿಸಾಕಿನೂ ಆಕಿನರಿ ಸಾಹೇಬ್ರ. ನಾ ಯಾಕ ಆಕಿ ಕಣ್ಣ ಕಳೀಲಿ?" ಮಾತಿನಲ್ಲಿ ನ್ಯಾಯವಿತ್ತು. ವಾರವಿಡೀ ಅವನು ರಾಮದುರ್ಗ ಬಿಟ್ಟಿರಲೂ ಇಲ್ಲ.

ಶನಿವಾರ ವರದಿ ಬಂತು. ಬಾಟಲಿಯ ಮೇಲಿನದು ಸಿದ್ಧಾರೂಢನ ಹೆಬ್ಬೆರಳು. ಹಿಂದೆಯೇ ಡಾಕ್ಟರರ ಫೋನು: "ಅಂಟು ತಾನ ಬಿಡತಿತ್ರಿ. ಯಾರೋ ರೆಪ್ಪಿ ಹಿಡದು ಕಿತ್ತಾರ. ಒಳಗ ಅಂಟಿನ ಜೋಡಿ ಕಣ್ಣಗುಡ್ಡೀನೂ ಹರದೈತಿ. ಆ ಕಣ್ಣು ಹೋತು."

ಸಿದ್ಧಾರೂಢನನ್ನು ಠಾಣೆಗೆ ತಂದರು.

"ರೆಪ್ಪಿ ಕಿತ್ತವರ್ಯಾರು?"

"ನಾನರಿ. ಗಾಬರ್ಯಾಗಿ."

"ಬೆರಳಿಗೆ ಅಂಟು ಹತ್ತಿದ್ರ ಏನ ಮಾಡತೀರಿ?"

"ಬಿಸಿನೀರಾಗ ನೆನಸತೇವ್ರಿ. ಕಿತ್ತರ ತೊಗಲ ಬರತೈತಿ." ಆಡಿದ ಮೇಲೆ ತಾನು ಆಡಿದ್ದೇನೆಂದು ಅವನಿಗೆ ಹೊಳೆಯಿತು.

"ಮತ್ತ ಆಕಿ ರೆಪ್ಪಿ ಯಾಕ ಕಿತ್ತಿ?"

"ಬಿಸಿನೀರ ಹಾಕಿದ್ರ ರವಿವಾರದೊಳಗ ಕಣ್ಣ ತೆರೀತಿದ್ಳರಿ. ಆಕಿಗೆ ಅಂಟಿಸೂದ ಕಲಿಸಿದಾಂವ ನಾನು. ಕಿತ್ತೂರ ರೇಸಿನಾಗ ನಾ ಅಂಟಿಸಿದ ಟೈರ್ ಹಾರಿ ಹೋತು, ಮಂದಿ ಬಿದ್ದು ಬಿದ್ದು ನಕ್ಕರು. ಆವತ್ತಿಂದ ಬಾಗಲಕ ಬಂದಾಂವೆಲ್ಲಾ ಕೇಳೂದು ಒಂದ: ತಂಗಿ ಅದಾಳೇನು?"

ಮಲಕಾಜಪ್ಪನಿಗೆ ಕಪಾಳಕ್ಕೆ ಬಿಗಿಯುವಷ್ಟು ಸಿಟ್ಟು ಬಂತು. ಸಂಜೆ ಐದಕ್ಕೆ ಬಂಧನ ದಾಖಲಿಸಿ, ಸುದ್ದಿ ಹೇಳಲು ತಾನೇ ದವಾಖಾನೆಗೆ ಹೋದ.

ಕಣ್ಣಿಗೆ ಕಟ್ಟು ಹಾಕಿಕೊಂಡು ಕುಳಿತಿದ್ದ ಶೈಲಜಾಳೇ ಮೊದಲು ಮಾತಾಡಿದಳು. "ಸಾಹೇಬ್ರ, ಅಣ್ಣಗ ಬೈಬ್ಯಾಡ್ರಿ. ಅವ್ವ ಬಿಸಿನೀರಿಗೆ ಇಟ್ಟಿದ್ಳು. ನನ್ನ ಚೀರಾಟ ಕೇಳಿ ಅಂವಗ ಅದು ಕಾಯೂತನಾನೂ ತಡೀಲಿಲ್ಲ. ಅಷ್ಟ ಜೀವ ಅಂವಗ ನನ್ನ ಮ್ಯಾಲೆ."

ಮಲಕಾಜಪ್ಪ ಟೊಪ್ಪಿಗೆ ತೆಗೆದು ಕುರ್ಚಿ ಎಳೆದುಕೊಂಡು ಕುಳಿತ. ಹೇಳಲೇಬೇಕಿತ್ತು.